ನಾಲ್ಕನೇ ಮಹಡಿಯನ್ನು ಸೋಸಿ ಎಸೆದವರಿಗೆ

ಮಾನ್ಯರೇ, ವಸತಿ ಮಂಡಳಿಯ ದೂರು ವಿಭಾಗದ ಮುಖ್ಯಾಧಿಕಾರಿಗಳೇ,

ನಾವಿರುವ ಕಟ್ಟಡದ ಲಿಫ್ಟು ನಾಲ್ಕನೇ ಮಹಡಿಯಲ್ಲಿ ನಿಲ್ಲುತ್ತಿಲ್ಲ. ನಿಮಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ. ಈ ಪುಟ್ಟ ವಾಕ್ಯವನ್ನು ನಿಮ್ಮ ಕಿವಿಗೆ ಮುಟ್ಟಿಸಲು ಬೇಸಿಗೆಯ ಶುರುವಿನಿಂದ ಹೆಣಗಾಡಿ ಸೋತು, ಕೊನೆಗೆ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಕೂಗುತ್ತಿದ್ದೇನೆ. ನಿಮ್ಮ ಕಚೇರಿಯ ಬಾಗಿಲು ಮುಚ್ಚಿದೆ ಎಂಬುದು ನನ್ನ ದೂರಲ್ಲ. ಬಾಗಿಲು ಹಗಲಿರುಳೂ ತೆರೆದೇ ಇದೆ. ಒಳಗೆ ಬಂದವರನ್ನು ಒಂದು ಸುತ್ತು ತಿರುಗಿಸಿ, ಬೆನ್ನು ತಟ್ಟಿ, ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಹೇಳಿ ಮತ್ತೆ ಬೀದಿಗೇ ಬಿಡುವ ಏರ್ಪಾಡೂ ಅಲ್ಲಿ ಚೆನ್ನಾಗಿದೆ. ಅದರ ಬಗ್ಗೆಯೇ ಈ ಪತ್ರ.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ನಾನು ಹಲ್ಲಿನ ಸೆಟ್ಟು ತಯಾರಿಸುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಹೊಂದುವ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ನನ್ನ ಗಂಡ ಸಿಟಿ ಬಸ್ಸಿನ ಡ್ರೈವರು. ಚಳಿಗಾಲದಲ್ಲಿ ಡಿಪೋದಲ್ಲಿ ಬಸ್ಸಿನಿಂದ ಇಳಿಯುವಾಗ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಗಾಲಿಕುರ್ಚಿಯಲ್ಲಿ ಕೂರಿಸಿ ಮನೆಗೆ ಕರೆತಂದ ದಿನ ಲಿಫ್ಟು ನಮ್ಮ ಮಹಡಿಯಲ್ಲಿ ಮರ್ಯಾದೆಯಾಗಿ ನಿಂತಿತ್ತು. ಅದಾಗಿ ಒಂದು ವಾರಕ್ಕೆ ನಿಲ್ಲುವುದನ್ನು ಬಿಟ್ಟಿತು. ಮೂರರಲ್ಲಿ ನಿಲ್ಲುತ್ತದೆ, ಐದರಲ್ಲಿ ನಿಲ್ಲುತ್ತದೆ, ನಾಲ್ಕನ್ನು ಮಾತ್ರ ಗುರುತು ಹತ್ತದ ನೆಂಟರ ಹಾಗೆ ದಾಟಿಕೊಂಡು ಹೋಗುತ್ತದೆ.

ನಮ್ಮ ಅಡುಗೆಮನೆಯ ಕಿಟಕಿಯಿಂದ ರಸ್ತೆಯಾಚೆ ಒಂದು ನೀಲಿ ಬಾಗಿಲು ಕಾಣುತ್ತದೆ. ಫಿಸಿಯೋಥೆರಪಿ ಕೇಂದ್ರ. ನನ್ನ ಗಂಡ ಹಿಡಿದುಕೊಂಡು ನಡೆಯಬೇಕಾದ ಕಂಬಿ, ಇಳಿದು ಕಾಲಾಡಿಸಬೇಕಾದ ಬಿಸಿನೀರಿನ ತೊಟ್ಟಿ ಎರಡೂ ಆ ಬಾಗಿಲ ಹಿಂದೆ ಇವೆ. ಅಲ್ಲಿನ ಮೇಡಂ ಪಾಪ, ಒಂದು ದಿನ ತಾವೇ ಮೆಟ್ಟಿಲು ಹತ್ತಿ ಬಂದು ಕಾಲು ಬಗ್ಗಿಸಿ ನೋಡಿದರು. "ಮಳೆಗಾಲ ಮುಗಿಯೋದ್ರೊಳಗೆ ಕರ್ಕೊಂಡು ಬರ್ಲೇಬೇಕು. ಕೀಲು ಒಂದ್ಸಲ ಹಿಡ್ಕೊಂಡ್ಬಿಟ್ರೆ ಆಮೇಲೆ ನಾನಲ್ಲ, ಯಾರು ಬಂದ್ರೂ ಬಿಡ್ಸೋಕಾಗಲ್ಲ" ಎಂದರು. ತೊಟ್ಟಿಯನ್ನು ಮೇಲೆ ತರಲು ಆಗುವುದಿಲ್ಲವಲ್ಲ. ಈ ಮನುಷ್ಯ ಮತ್ತೆ ತನ್ನ ಕಾಲ ಮೇಲೆ ನಡೆಯುತ್ತಾರೋ ಇಲ್ಲವೋ ಎಂಬುದು ಆ ನೀಲಿ ಬಾಗಿಲಿಗೂ ನಮ್ಮ ಬಾಗಿಲಿಗೂ ನಡುವೆ ನೇತಾಡುತ್ತಿದೆ. ಮಳೆಗಾಲ ಆಗಲೇ ಶುರುವಾಗಿದೆ.

ಒಂದು ಮಹಡಿಯಷ್ಟು ಎತ್ತಿಕೊಂಡು ಇಳಿದರೆ ಮೂರರಲ್ಲಿ ಲಿಫ್ಟು ಸಿಗುತ್ತದಲ್ಲ, ಅಷ್ಟೂ ತಲೆ ಓಡಲಿಲ್ಲವೇ ಎಂದು ನೀವು ಕೇಳಬಹುದು. ಓಡಿತು. ಅಕ್ಕಪಕ್ಕದ ಮನೆಯ ನಾಲ್ವರು ಕುರ್ಚಿ ಹಿಡಿದು ಇಳಿಸಿದರು. ತಿರುವಿನಲ್ಲಿ ಕುರ್ಚಿ ಗೋಡೆಗೆ ಸಿಕ್ಕಿಕೊಂಡು ವಾಲಿತು, ಇವರು ಕಂಬಿಗೆ ಬಡಿದುಕೊಂಡರು, ಹೊಲಿಗೆ ಬಿಟ್ಟುಕೊಂಡಿತು. ಹಾಗೆ ಎತ್ತಿಕೊಂಡು ಇಳಿಸುವುದೇ ಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. "ನನ್ನನ್ನೇನು ಬೀರು ಅಂದ್ಕೊಂಡ್ರಾ?" ಎಂದು ಇವರು ನಗಿಸಲು ನೋಡಿದರು. ಕೈ ಮಾತ್ರ ಕುರ್ಚಿಯ ತೋಳನ್ನು ಬಿಡಲಿಲ್ಲ. ಬಸ್ಸು ತುಂಬ ಜನರನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಹೋದವರ ಕೈ ಅದು.

ಹಾಗಾದರೆ ರಿಪೇರಿಯವರನ್ನು ಕರೆಸಬಹುದಿತ್ತಲ್ಲ? ಕರೆಸಿದ್ದೆ. ಬೇರೆ ಕಟ್ಟಡಕ್ಕೆಂದು ಬಂದಿದ್ದ ನಿಮ್ಮ ಲಿಫ್ಟು ಮೆಕ್ಯಾನಿಕ್ಕನ್ನು ಬೀದಿಯಲ್ಲಿ ಅಡ್ಡಗಟ್ಟಿ ಮೇಲೆ ಕರೆತಂದೆ. ಆತ ಎರಡು ಸಲ ಮೇಲೆ ಕೆಳಗೆ ಹೋಗಿ ಬಂದು, "ಅರ್ಧ ಗಂಟೆ ಕೆಲ್ಸ ಅಕ್ಕ, ಒಂದು ಸ್ವಿಚ್ಚು ಹೋಗಿದೆ. ಆದ್ರೆ ದೂರಿನ ನಂಬರ್ ಬೇಕು" ಎಂದ.

"ನಂಬರ್ ಆಮೇಲೆ ಕೊಡ್ತೀನಪ್ಪ, ಈಗ ಮಾಡ್ಬಿಡು."

"ನಂಬರಿಲ್ದೆ ಲಿಫ್ಟಿನ ಮೆಷಿನ್ ರೂಮಿನ ಬೀಗ ತೆಗೆದ್ರೆ ನಾಳೆಯಿಂದ ನಾನು ಮನೇಲಿರ್ತೀನಿ. ಆಮೇಲೆ ನಿಮ್ಮ ಲಿಫ್ಟು ಯಾರು ನೋಡ್ತಾರೆ?"

ಅವನ ಮೇಲೆ ನನಗೆ ಸಿಟ್ಟಿಲ್ಲ. ನಂಬರು ಬೇಕು, ನಂಬರಿಗೆ ದೂರು ದಾಖಲಾಗಬೇಕು. ಸರಿ, ದಾಖಲು ಮಾಡೋಣ ಎಂದು ನಿಮ್ಮ ವೆಬ್‌ಸೈಟು ತೆರೆದೆ. ಅಲ್ಲಿಂದ ಶುರುವಾಯಿತು ನನ್ನ ಪ್ರದಕ್ಷಿಣೆ.

ಓದುಗರಿಗೆ ತಿಳಿಯಲಿ ಎಂದು ನಿಮ್ಮ ನಿಯಮವನ್ನು ಇಲ್ಲಿ ಹೇಳುತ್ತೇನೆ. ನಿಮ್ಮಲ್ಲಿ ಯಾರೂ ನೇರವಾಗಿ ದೂರು ಕೊಡುವಂತಿಲ್ಲ. ಮೊದಲು ಸಮಸ್ಯೆಯನ್ನು ಹುಡುಕುವ ಪೆಟ್ಟಿಗೆಯಲ್ಲಿ ಬರೆಯಬೇಕು. ಮಂಡಳಿ ಈವರೆಗೆ ಬರೆದ ಸುತ್ತೋಲೆ, ಸೂಚನೆ, ಭಿತ್ತಿಪತ್ರ, ಹಳೆಯ ದೂರು ಎಲ್ಲವನ್ನೂ ಯಂತ್ರ ತಡಕಾಡಿ, ನಿಮಗೆ ಬೇಕಾದ ಪರಿಹಾರ ಇಗೋ ಎಂದು ತೋರಿಸುತ್ತದೆ. ಯಂತ್ರಕ್ಕೆ ಏನೂ ಸಿಗದಿದ್ದರೆ ಮಾತ್ರ 'ಹೊಸ ದೂರು' ಎಂಬ ಹಸಿರು ಗುಂಡಿ ಮೂಡುತ್ತದೆ. ಏನಾದರೂ ಸಿಕ್ಕಿತೋ, ಗುಂಡಿ ಇಲ್ಲ. ಕೇಳಲು ಎಷ್ಟು ಸೊಗಸಾಗಿದೆ! ಉತ್ತರ ಇದ್ದ ಮೇಲೆ ದೂರೇಕೆ, ಅಲ್ಲವೇ?

ನಾನು ಬರೆದೆ: 'ಲಿಫ್ಟು ನಾಲ್ಕನೇ ಮಹಡಿಯಲ್ಲಿ ನಿಲ್ಲುತ್ತಿಲ್ಲ.' ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ತಂದಿತು. ಮೊದಲನೆಯದು, 'ಲಿಫ್ಟಿನೊಳಗೆ ನಿಲ್ಲುವ ಸರಿಯಾದ ಕ್ರಮ'. ಎರಡನೆಯದು, 'ಮಹಡಿ ಹತ್ತಿ, ಆರೋಗ್ಯ ಗಳಿಸಿ'. ಅದರಲ್ಲಿ ಟ್ರ್ಯಾಕ್ ಸೂಟು ತೊಟ್ಟ ದಂಪತಿ ಎರಡೆರಡು ಮೆಟ್ಟಿಲು ಹಾರುತ್ತ ನಗುವ ಚಿತ್ರ. ಕೆಳಗೆ ಒಂದು ಸಾಲು: 'ಇದನ್ನು ಇಷ್ಟಪಟ್ಟವರು ಇವನ್ನೂ ಇಷ್ಟಪಟ್ಟರು: ಚರಂಡಿ ಸ್ವಚ್ಛತೆ'. ಮಾನ್ಯರೇ, ಚರಂಡಿ ಸ್ವಚ್ಛತೆಯನ್ನು ಇಷ್ಟಪಟ್ಟವರು ಯಾರು? ಅವರನ್ನು ನಾನೊಮ್ಮೆ ಭೇಟಿಯಾಗಬೇಕು.

ಬೇರೆ ಬೇರೆ ಥರ ಬರೆದೆ. ಉದ್ದ ಬರೆದೆ, ಮೋಟು ಮಾಡಿದೆ, ಗಂಡನ ಕಾಲಿನ ಕಥೆ ಹೇಳಿದೆ. ಆ ಟ್ರ್ಯಾಕ್ ಸೂಟಿನ ದಂಪತಿ ಬಂದೇ ಬಂದರು. ಅಂಚೆಯಲ್ಲಿ ಕಾಗದ ಹಾಕಿದೆ. ಅದನ್ನೂ ನಿಮ್ಮವರು ಆ ಪೆಟ್ಟಿಗೆಗೇ ತುರುಕಿರಬೇಕು, ವಾಪಸು ಅಂಚೆಯಲ್ಲಿ ಅದೇ ಭಿತ್ತಿಪತ್ರ ಬಣ್ಣದಲ್ಲಿ ಅಚ್ಚಾಗಿ ಬಂತು. ಇವರು ಅದನ್ನು ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಲು ಹೇಳಿದರು. "ಇರಲಿ ಬಿಡೇ, ಮನೆಗೆ ಬಂದು ಹೋಗೋರು ಇವರಿಬ್ಬರೇ ತಾನೆ" ಎಂದರು.

ಕಚೇರಿಗೇ ಬಂದೆ. ಕೌಂಟರಿನಲ್ಲಿದ್ದ ನಿಮ್ಮ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು, ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡಳು. ಆಮೇಲೆ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿ, ಅದೇ ಪೆಟ್ಟಿಗೆಯಲ್ಲಿ ಅದೇ ವಾಕ್ಯ ಬರೆದಳು. ಅದೇ ದಂಪತಿ ನಕ್ಕರು.

"ನೋಡಿ ಮೇಡಂ, ಪರಿಹಾರ ಇದೆಯಲ್ಲ" ಎಂದಳು. ಅವಳ ದನಿಯಲ್ಲೇ ನಂಬಿಕೆ ಇರಲಿಲ್ಲ.

"ನೀವು ಒಂದು ಕಾಗದದಲ್ಲಿ ಬರ್ಕೊಂಡು ಸಾಹೇಬ್ರಿಗೆ ಕೊಡಿಯಮ್ಮ" ಎಂದೆ ನಾನು.

"ನಮಗೂ ಅದೇ ದಾರಿ ಮೇಡಂ" ಎಂದು ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿದಳು. "ನನ್ನ ಕುರ್ಚಿ ಕಾಲು ಮುರಿದು ಎಷ್ಟೋ ದಿನ ಆಯ್ತು. ಹಾಕಿದ್ರೆ 'ಕುರ್ಚಿಯಲ್ಲಿ ನೆಟ್ಟಗೆ ಕೂರುವುದು ಹೇಗೆ' ಅಂತ ಬರತ್ತೆ."

ಅವಳ ಕುರ್ಚಿಯ ಒಂದು ಕಾಲಿನ ಕೆಳಗೆ ನಿಮ್ಮ ಮಂಡಳಿಯ ವಾರ್ಷಿಕ ವರದಿ ಇಟ್ಟಿತ್ತು. ದಪ್ಪ ವರದಿ, ಒಳ್ಳೆಯ ಆಸರೆ. ಬಗೆಹರಿಯದ ದೂರುಗಳ ಸಂಖ್ಯೆ ಸೊನ್ನೆ ಎಂದು ಅದರ ಮುಖಪುಟದಲ್ಲೇ ಅಚ್ಚಾಗಿತ್ತು.

ಅಲ್ಲಿಯವರೆಗೆ ನಿಮ್ಮ ಯಂತ್ರ ಕೆಟ್ಟಿದೆ ಎಂದುಕೊಂಡಿದ್ದೆ. ಕೆಟ್ಟಿಲ್ಲ, ಬಲು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಗೊತ್ತಾದದ್ದು ನನ್ನ ನಾದಿನಿಯ ಮಗಳಿಂದ. ಅವಳಿಗೆ ಬೂಟು ಚಪ್ಪಲಿ ಮಾರುವ ವೆಬ್‌ಸೈಟಿನಲ್ಲಿ, ಗಿರಾಕಿಗಳು ಹುಡುಕುವ ಯಂತ್ರವನ್ನು ಹದಗೊಳಿಸುವ ಕೆಲಸ. ಮಾವನನ್ನು ನೋಡಿಕೊಂಡು ಹೋಗಲು ಬಂದವಳು, ಗೋಡೆಯ ಮೇಲಿನ ದಂಪತಿಯನ್ನು ಕಂಡು ವಿಷಯ ಕೇಳಿದಳು. ನಿಮ್ಮ ವೆಬ್‌ಸೈಟು ತೆರೆದು ನಾಲ್ಕಾರು ಪದ ಹಾಕಿ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಅತ್ತೆ, ಇದು ಅಂಗಡಿಗೆ ಹದ ಮಾಡಿರೋ ಯಂತ್ರ! ನಮ್ಮಲ್ಲೂ ಇದೇ ಇರೋದು. ಡಬ್ಬ ಬಿಚ್ಚಿ ಹಾಗೇ ಕೂರಿಸಿಬಿಟ್ಟಿದಾರೆ, ಒಂದು ತಿರುಪೂ ತಿರುಗಿಸಿಲ್ಲ."

ನನ್ನ ಕೆಲಸದ ಮೇಜಿನ ಮೇಲಿದ್ದ ಚೀಟಿಗಳನ್ನು ತೆಗೆದುಕೊಂಡು ನನ್ನ ವಾಕ್ಯದ ಒಂದೊಂದು ಪದವನ್ನು ಒಂದೊಂದರ ಮೇಲೆ ಬರೆದು ಸಾಲಾಗಿ ಇಟ್ಟಳು. ಯಂತ್ರ ಮೊದಲು ವಾಕ್ಯವನ್ನು ಹೀಗೆ ತುಂಡು ಮಾಡುತ್ತದಂತೆ. ಆಮೇಲೆ ತುಂಡುಗಳು ಒಂದರ ಕೆಳಗೊಂದಿರುವ ಜರಡಿಗಳಲ್ಲಿ ಇಳಿಯುತ್ತವೆ. ಒಂದು ಜರಡಿ ಸಂಖ್ಯೆಗಳನ್ನು ಎಸೆಯುತ್ತದೆ. ಅಂಗಡಿಯಲ್ಲಿ ಸೈಜನ್ನು ಬೇರೆ ಕಡೆ ಆರಿಸುವುದರಿಂದ ಅಲ್ಲಿ ಅಂಕಿ ಬರೀ ಕಸ. ಹಾಗಾಗಿ 'ನಾಲ್ಕನೇ' ಎಂಬ ಚೀಟಿಯನ್ನು ಅವಳು ಬೆರಳಿನಿಂದ ಚಿಮ್ಮಿದಳು. ಇನ್ನೊಂದು ಜರಡಿ ಪದಗಳ ಬಾಲ ಕತ್ತರಿಸಿ ಬುಡ ಉಳಿಸಿಕೊಳ್ಳುತ್ತದೆ. ನಿಂತರೂ ಒಂದೇ, ನಿಲ್ಲದಿದ್ದರೂ ಒಂದೇ. 'ಇಲ್ಲ' ಎನ್ನುವುದು ಆ ಬಾಲದ ಜೊತೆ ಹೋಯಿತು. ಚಪ್ಪಲಿ ಕೊಳ್ಳಲು ಬಂದವರು ಇಲ್ಲ ಎನ್ನುವುದನ್ನು ಯಾವ ಅಂಗಡಿ ಕೇಳಿಸಿಕೊಳ್ಳುತ್ತದೆ? ಉಳಿದದ್ದು ಮೂರು ಚೀಟಿ: ಲಿಫ್ಟು, ಮಹಡಿ, ನಿಲ್ಲು.

"ನನ್ನ ಮಹಡಿನೇ ಗುಡಿಸಿ ಹಾಕ್ಬಿಟ್ಯಲ್ಲೇ ಮಗಳೇ" ಎಂದರು ಇವರು ನೆಲದ ಮೇಲೆ ಬಿದ್ದ ಚೀಟಿಯನ್ನು ನೋಡುತ್ತ.

"ಇನ್ನೂ ಮುಗಿದಿಲ್ಲ ಮಾವ. ಈ ಮೂರೂ ಒಟ್ಟಿಗೆ ಇರೋ ಪುಟ ಸಿಗಲಿಲ್ಲ ಅಂದ್ರೆ ಒಂದೊಂದೇ ಪದ ಬಿಡ್ತಾ ಹೋಗತ್ತೆ. ಈಗ ನೋಡಿ, ಯಾರೋ ಲೇಸಿಲ್ಲದ ಕೆಂಪು ಬೂಟು ಬೇಕು ಅಂತಾರೆ. ನಮ್ಮ ಹತ್ರ ಇಲ್ಲ. ಇಲ್ಲ ಅಂದ್ರೆ ಎದ್ದು ಹೋಗ್ತಾರೆ. ಅದಕ್ಕೆ ಲೇಸಿನ ಮಾತು ಬಿಡ್ತೀವಿ, ಕೆಂಪು ಅನ್ನೋದನ್ನೂ ಬಿಡ್ತೀವಿ, ಕೊನೆಗೆ ಯಾವ್ದೋ ಒಂದು ಬೂಟು ತೋರಿಸ್ತೀವಿ. ಗಿರಾಕಿ ಬರಿಗೈಲಿ ಹೋಗಬಾರದು, ಅಷ್ಟೆ."

"ಕೆಂಪು ಕೇಳಿದೋರಿಗೆ ಕಪ್ಪು ತೋರಿಸಿದ್ರೆ ಯಾರು ತಗೋತಾರೆ?" ಎಂದೆ ನಾನು.

"ತುಂಬ ಜನ ತಗೋತಾರೆ ಅತ್ತೆ."

"ನಾನೇ ತಗೊಂಡಿದ್ದೆ" ಎಂದರು ಇವರು. ಚಳಿಗಾಲದಿಂದ ತೊಡದೆ ಬಾಗಿಲ ಬಳಿ ಬಿದ್ದಿರುವ ಅವರ ಕಪ್ಪು ಬೂಟುಗಳ ಕಡೆ ನಾವು ಮೂವರೂ ನೋಡಿದೆವು.

ಮಾನ್ಯರೇ, ಅಂಗಡಿಯವರ ಮೇಲೆ ನನಗೆ ತಕರಾರಿಲ್ಲ. ನಮ್ಮಲ್ಲಿ ಇಲ್ಲ ಎಂದು ಹೇಳದಿರುವುದು ಅವರ ಹೊಟ್ಟೆಪಾಡು. ಆದರೆ ದೂರು ಕಚೇರಿ ಇರುವುದು ಯಾತಕ್ಕೆ? ಇದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ, ಹೇಳಿ, ಬರೆದುಕೊಳ್ಳುತ್ತೇವೆ ಎನ್ನುವುದಕ್ಕಲ್ಲವೇ? ಇಲ್ಲ ಎನ್ನಲು ಬಾರದ ಯಂತ್ರವನ್ನು ತಂದು, ಅದು ಇಲ್ಲ ಎಂದರೆ ಮಾತ್ರ ಬಾಗಿಲು ತೆರೆಯುತ್ತೇವೆ ಎಂದು ನಿಯಮ ಮಾಡಿದ್ದೀರಿ. ಈ ಎರಡನ್ನೂ ಒಂದೇ ಕೋಣೆಯಲ್ಲಿ ಕೂತು ತೀರ್ಮಾನಿಸಿದಿರೋ, ಬೇರೆ ಬೇರೆ ಕೋಣೆಗಳಲ್ಲೋ? ಬೇರೆ ಬೇರೆ ಎಂದರೆ ಅಜಾಗರೂಕತೆ ಎಂದು ಸುಮ್ಮನಾಗುತ್ತೇನೆ. ಒಂದೇ ಕೋಣೆ ಎಂದರೆ ನಿಮ್ಮ ಬುದ್ಧಿವಂತಿಕೆಗೆ ಕೈ ಮುಗಿಯುತ್ತೇನೆ, ಬಗೆಹರಿಯದ ದೂರು ಸೊನ್ನೆಯಾದದ್ದು ಹೇಗೆಂದು ಆಗ ಯಾರೂ ನಿಮಗೆ ವಿವರಿಸಬೇಕಾಗಿಲ್ಲ.

ನನ್ನ ಕಸುಬಿನಲ್ಲಿ ಇದನ್ನು ಯಾರೂ ಸಹಿಸುವುದಿಲ್ಲ. ಒಬ್ಬರ ಬಾಯಿಗೆ ಮಾಡಿದ ಸೆಟ್ಟು ಎಷ್ಟೇ ಹೊಳೆಯಲಿ, ಇನ್ನೊಬ್ಬರ ಬಾಯಿಗೆ ಹಾಕಿದರೆ ವಸಡು ಹುಣ್ಣಾಗುತ್ತದೆ. ತುತ್ತು ನುಂಗಲಾಗುವುದಿಲ್ಲ, ಮಾತೂ ಹೊರಡುವುದಿಲ್ಲ. ಅದಕ್ಕೇ ಮೊದಲು ಅಚ್ಚು ತೆಗೆಯುತ್ತೇವೆ, ಕೂರಿಸುತ್ತೇವೆ, ಕಚ್ಚಿ ನೋಡಿ ಎನ್ನುತ್ತೇವೆ, ಎಲ್ಲಿ ಒತ್ತುತ್ತದೋ ಅಲ್ಲಿ ಉಜ್ಜುತ್ತೇವೆ. ನೀವು ಚಪ್ಪಲಿ ಅಂಗಡಿಯ ಹಲ್ಲನ್ನು ಸಾರ್ವಜನಿಕರ ಬಾಯಿಗೆ ತುರುಕಿ, ಯಾರೂ ಮಾತಾಡುತ್ತಿಲ್ಲ, ಎಲ್ಲರೂ ಸುಖವಾಗಿದ್ದಾರೆ ಎಂದು ವರದಿ ಬರೆದಿದ್ದೀರಿ.

ಇನ್ನು ನನ್ನ ಮಹಾಸಾಧನೆಗೆ ಬರುತ್ತೇನೆ. ಹಸಿರು ಗುಂಡಿ ಮೂಡಬೇಕೆಂದರೆ ಮಂಡಳಿ ಹುಟ್ಟಿದಂದಿನಿಂದ ಒಂದು ಸಲವೂ ಬಳಸದ ಪದ ಬೇಕು ಎಂದಳು ಹುಡುಗಿ. ಆ ಮಧ್ಯಾಹ್ನ ನಾವು ಮೂವರೂ ಕಂಪ್ಯೂಟರಿನ ಮುಂದೆ ಕುಳಿತು ಆಟ ಶುರು ಮಾಡಿದೆವು. 'ಬೆಕ್ಕು' ಎಂದರೆ ಸಾಕುಪ್ರಾಣಿ ನಿಷೇಧದ ಸುತ್ತೋಲೆ ಬಂತು. 'ಡೈನೋಸಾರ್' ಖಂಡಿತ ಇರುವುದಿಲ್ಲ ಎಂದುಕೊಂಡರೆ ಮಕ್ಕಳ ಉದ್ಯಾನದ ಬೊಂಬೆಗೆ ಬಣ್ಣ ಹೊಡೆಯುವ ಟೆಂಡರು ಬಂತು. ಅರ್ಥವಿಲ್ಲದ ಅಕ್ಷರ ಒತ್ತಿದರೆ, ನೀವು ಹುಡುಕಿದ್ದು ಇದೇ ಇರಬೇಕು ಎಂದು ಯಂತ್ರವೇ ತಿದ್ದಿ ಬೇರೇನೋ ಕೊಟ್ಟಿತು. ಬಹಳ ದಿನಗಳ ಮೇಲೆ ಮನೆಯಲ್ಲಿ ನಗು ಇತ್ತು. ಆಗ ಇವರು ಕುರ್ಚಿಯಿಂದಲೇ ಹೇಳಿದರು, "ಕ್ಷಮಾಪಣೆ ಅಂತ ಹಾಕು. ಅದನ್ನ ಅವರು ಯಾವತ್ತೂ ಬರೆದಿರಲ್ಲ."

ಹಾಕಿದೆ. ಯಂತ್ರ ಮೊದಲ ಸಲ ತಡವರಿಸಿತು. 'ಏನೂ ಸಿಗಲಿಲ್ಲ' ಎಂದಿತು. ಹಸಿರು ಗುಂಡಿ ಮೂಡಿತು! ಹುಡುಗಿ ಕುಣಿದಳು, ಇವರು ಚಪ್ಪಾಳೆ ತಟ್ಟಿದರು, ನನಗೆ ಕಣ್ಣು ತುಂಬಿಬಂತು. ದೂರಿನ ವಿಷಯ ಎಂಬಲ್ಲಿ ನಾವು ಹುಡುಕಿದ ಪದವೇ ತಾನಾಗಿ ಕೂತಿತ್ತು, ಅಳಿಸಲು ಬಿಡಲಿಲ್ಲ. ಇರಲಿ ಎಂದು ಕೆಳಗೆ ಲಿಫ್ಟು, ಸ್ವಿಚ್ಚು, ಕಾಲು, ಮಳೆಗಾಲ ಎಲ್ಲವನ್ನೂ ವಿವರವಾಗಿ ಬರೆದು ಕಳಿಸಿದೆ. ಮೂರನೇ ದಿನ ನಿಮ್ಮ ಕಚೇರಿಯಿಂದ ಉತ್ತರ ಬಂತು. ಇದ್ದದ್ದನ್ನು ಇದ್ದ ಹಾಗೇ ಕೊಡುತ್ತೇನೆ:

'ತಮ್ಮ ಕ್ಷಮಾಪಣೆಯನ್ನು ಮಂಡಳಿಯು ಸಹಾನುಭೂತಿಯಿಂದ ಪರಿಶೀಲಿಸಿ ಸ್ವೀಕರಿಸಿದೆ. ಇನ್ನು ಮುಂದೆ ಹೀಗಾಗದಂತೆ ಎಚ್ಚರ ವಹಿಸತಕ್ಕದ್ದು. ಕಡತವನ್ನು ಮುಕ್ತಾಯಗೊಳಿಸಲಾಗಿದೆ.'

ನನ್ನನ್ನು ಕ್ಷಮಿಸಿದ್ದೀರಿ. ಮಾಡಿದ ತಪ್ಪೇನೆಂದು ತಿಳಿಸಿದ್ದರೆ ಇನ್ನೊಮ್ಮೆ ಮಾಡದೆ ಇರಬಹುದಿತ್ತು. ನಾಲ್ಕನೇ ಮಹಡಿಯಲ್ಲಿ ವಾಸ ಮಾಡಿದ್ದೇ? ಕಾಲಿರುವವರನ್ನು ಮದುವೆಯಾಗಿದ್ದೇ? ಸಿಟ್ಟಿನಲ್ಲಿ ಮತ್ತೆ ಅದೇ ಪದ ಹಾಕಿದೆ. ಈ ಬಾರಿ ಗುಂಡಿ ಬರಲಿಲ್ಲ. 'ಪರಿಹಾರ ದೊರೆತಿದೆ' ಎಂದು ಒಂದೇ ಒಂದು ಪುಟ ತೋರಿಸಿತು. ಅದು ನನ್ನದೇ ದೂರು, ಮುಕ್ತಾಯಗೊಂಡದ್ದು. ನಾನು ಸುತ್ತಿ ಸುತ್ತಿ ಕಂಡುಕೊಂಡ ಒಂದೇ ಒಂದು ಕಿಂಡಿಗೆ ನನ್ನ ಕಾಗದವನ್ನೇ ತುರುಕಿ ಮುಚ್ಚಿದ್ದೀರಿ. ಉತ್ತರದ ಸುದ್ದಿ ಕೇಳಿ ಮತ್ತೆ ಬಂದಿದ್ದ ನಾದಿನಿಯ ಮಗಳು ತಲೆ ಮೇಲೆ ಕೈ ಹೊತ್ತು ಕುಳಿತಳು. ನನಗೆ ನಗು ಬಂತು, ನಿಲ್ಲಿಸಲಾಗದಂಥ ನಗು. ಇವರು ನಗಲಿಲ್ಲ. ಗಾಲಿ ತಿರುಗಿಸಿಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ, ಆ ನೀಲಿ ಬಾಗಿಲಿಗೆ ಬೆನ್ನು ಹಾಕಿ ಕುಳಿತರು.

ಒಂದು ಮಾತು ಹೇಳಬೇಕು. ಲಿಫ್ಟು ನಿಲ್ಲುವುದನ್ನು ಬಿಟ್ಟ ಮೇಲೆ ಇವರೊಂದು ಆಟ ಮಾಡಿಕೊಂಡಿದ್ದರು. ನಮ್ಮ ಮನೆಯ ಗೋಡೆಯಾಚೆಯೇ ಅದರ ದಾರಿ. ಗುಂಯ್ ಎನ್ನುತ್ತ ಅದು ನಮ್ಮ ಮಹಡಿ ದಾಟುವಾಗಲೆಲ್ಲ ಇವರು ಕುಳಿತಲ್ಲಿಂದಲೇ "ಹೋಲ್ಡಾನ್!" ಎಂದು ಕಂಡಕ್ಟರಿನ ಹಾಗೆ ಕೂಗುತ್ತಿದ್ದರು. ವರ್ಷಗಟ್ಟಲೆ ಆ ಕೂಗು ಕೇಳಿ ಬ್ರೇಕು ತುಳಿದವರು ಅವರು. "ಎಷ್ಟು ಜನರನ್ನ ಸ್ಟಾಪಲ್ಲೇ ಬಿಟ್ಟು ಹೋಗಿದ್ನೋ ಏನೋ, ಈಗ ಅವರೆಲ್ಲ ಸೇರಿ ಆ ಲಿಫ್ಟು ಓಡಿಸ್ತಿದಾರೆ ಕಣೇ" ಎನ್ನುತ್ತಿದ್ದರು. ಊಟದ ನಡುವೆ, ನಿದ್ದೆಯ ಮಂಪರಿನಲ್ಲಿ ಕೂಡ ಕೂಗು ತಪ್ಪುತ್ತಿರಲಿಲ್ಲ. ನನಗೆ ಕೆಲವು ಸಲ ರೇಗುತ್ತಿತ್ತು, ಅಚ್ಚಿನ ಮೇಲೆ ಕೈ ಅಲುಗುತ್ತದೆ ಸುಮ್ಮನಿರ್ರೀ ಎಂದು ಗದರಿದ್ದೂ ಇದೆ. ನಿಮ್ಮ ಕ್ಷಮೆ ಬಂದ ದಿನದಿಂದ ಅವರು ಕೂಗುತ್ತಿಲ್ಲ. ಲಿಫ್ಟು ಬರುತ್ತದೆ, ಹೋಗುತ್ತದೆ, ಇವರು ತಲೆ ಎತ್ತುವುದಿಲ್ಲ. ನನಗೆ ಹೆದರಿಕೆಯಾಗಿರುವುದು ಅದಕ್ಕೆ. ಕೀಲು ಹಿಡಿದುಕೊಳ್ಳುವುದಕ್ಕಿಂತ ಮೊದಲು ಮನುಷ್ಯ ಹಿಡಿದುಕೊಳ್ಳುತ್ತಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇದು. ಸಂಖ್ಯೆಗಳನ್ನು ಎಸೆಯುವ ಜರಡಿಯನ್ನು ತೆಗೆಸಿ, ನಮ್ಮ ಮನೆಗಳಿಗೆ ಸಂಖ್ಯೆಯೇ ಗುರುತು. ನಾವು ಇಲ್ಲ ಎಂದರೆ ಇಲ್ಲ ಎಂದೇ ಓದಿಸಿ. ಸಿಗದಿದ್ದರೆ ಸಿಗಲಿಲ್ಲ ಎನ್ನುವುದನ್ನು ಯಂತ್ರಕ್ಕೆ ಕಲಿಸಿ, ನಾಚಿಕೆಯೇನಿಲ್ಲ. ಇದು ಒಂದು ಮಧ್ಯಾಹ್ನದ ಕೆಲಸವಂತೆ, ನಮ್ಮ ಹುಡುಗಿ ಬಂದು ಮಾಡಿಕೊಡಲು ತಯಾರಿದ್ದಾಳೆ. ಅದಕ್ಕೂ ಮೊದಲು, ಆ ಹಸಿರು ಗುಂಡಿಯನ್ನು ಯಂತ್ರದ ಅಪ್ಪಣೆಗೆ ಕಾಯಿಸದೆ ಎಲ್ಲರಿಗೂ ಕಾಣುವಂತೆ ಇಡಿ. ಆ ಗುಮಾಸ್ತೆಗೆ ಒಂದು ಕುರ್ಚಿ ಕೊಡಿಸಿ. ಇಷ್ಟೆಲ್ಲ ಆಗುವವರೆಗೆ ಕಾಯಲು ನಮಗೆ ಪುರುಸೊತ್ತಿಲ್ಲ, ಮಳೆ ನಮಗಾಗಿ ನಿಲ್ಲುವುದಿಲ್ಲ. ಆ ಮೆಕ್ಯಾನಿಕ್ಕಿಗೆ ಒಂದು ನಂಬರು ಕೊಡಿ. ಯಾವ ನಂಬರಾದರೂ ಸರಿ.

ನಂಬಿಕೆ ಬರದಿದ್ದರೆ ತಾವೇ ಬನ್ನಿ. ಲಿಫ್ಟು ಹತ್ತಿ ನಾಲ್ಕನ್ನು ಒತ್ತಿ. ಅದು ನಿಮ್ಮನ್ನು ಐದಕ್ಕೆ ಕರೆದೊಯ್ಯುತ್ತದೆ. ಅಲ್ಲಿಂದ ಒಂದು ಮಹಡಿ ಇಳಿದು ಬನ್ನಿ, ಆರೋಗ್ಯಕ್ಕೂ ಒಳ್ಳೆಯದು. ಆದರೆ ಲಿಫ್ಟು ನಮ್ಮ ಮಹಡಿಯನ್ನು ದಾಟುವಾಗ ಸ್ವಲ್ಪ ಕಿವಿಗೊಟ್ಟು ಕೇಳಿ. ಗೋಡೆಯ ಈಚೆಯಿಂದ ಯಾರಾದರೂ "ಹೋಲ್ಡಾನ್" ಎಂದು ಕೂಗಿದರೆ ನೀವು ಸಮಯಕ್ಕೆ ಸರಿಯಾಗಿ ಬಂದಿದ್ದೀರಿ. ಏನೂ ಕೇಳಿಸದಿದ್ದರೆ, ದಯವಿಟ್ಟು ಅದನ್ನೂ ಬಗೆಹರಿದ ದೂರು ಎಂದು ಬರೆದುಕೊಳ್ಳಬೇಡಿ.

ಇಂತಿ,
ಕೇಳದ ಕ್ಷಮೆಯನ್ನು ಪಡೆದು ಕೃತಾರ್ಥಳಾದ,
ಮೂರಕ್ಕೂ ಐದಕ್ಕೂ ನಡುವೆ ವಾಸವಾಗಿರುವ
ಹಲ್ಲು ಕಟ್ಟುವವಳು